ಕಳ್ಳಿಯ ಮೈಯೊಳಗಿನ ಕೆರೆ

ಬೆಂಗಳೂರಿನಿಂದ ಹಾಸನದತ್ತ ಸಾಗುವ ಹೆದ್ದಾರಿಯಲ್ಲಿ ಕುಣಿಗಲನ್ನು ದಾಟಿ ಪಶ್ಚಿಮಕ್ಕೆ ಹೋದರೆ ಯಡಿಯೂರು ದೊರೆಯುತ್ತದೆ. ಸಿದ್ಧಲಿಂಗೇಶ್ವರರ ಗದ್ದುಗೆಯಿಂದ ನಾಡಿಗೆಲ್ಲ ಪರಿಚಿತವಾದ ಊರಿದು. ಸುತ್ತಲಿನದು ಬಯಲುಸೀಮೆ, ಮಳೆಯನ್ನು ನೆಚ್ಚಿದ ರಾಗಿಯ ಹೊಲಗಳು, ತೆಂಗಿನ ತೋಟಗಳು, ಅಲ್ಲಲ್ಲಿ ಕೆರೆಗಳು. ವರ್ಷದ ಮಳೆಯ ಹೆಚ್ಚಿನ ಪಾಲು ಕೆಲವೇ ತಿಂಗಳುಗಳಲ್ಲಿ ಸುರಿದುಹೋಗುವ ಇಂಥ ನೆಲದಲ್ಲಿ ಬಾಳುವವರು ಒಂದು ವಿದ್ಯೆಯನ್ನು ಅರಿತಿರಲೇಬೇಕು. ಬಂದ ನೀರನ್ನು ಹಿಡಿದಿಡಬೇಕು; ಬೇಕಾದಾಗ ತೂಬಿನಿಂದ ಅಳೆದು ಬಿಡಬೇಕು; ಹೆಚ್ಚಾದುದನ್ನು ಕೋಡಿಯ ಮೂಲಕ ಹೊರಗೆ ಕಳುಹಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕೆರೆ ಉಳಿಯದು.

ಮನುಷ್ಯನು ಕೆರೆ ಕಟ್ಟುವುದಕ್ಕೆ ಎಷ್ಟೋ ಮೊದಲೇ ಈ ವಿದ್ಯೆಯನ್ನು ಸಾಧಿಸಿದ ಸಸ್ಯವೊಂದುಂಟು. ಅದೇ ಕಳ್ಳಿ. ಇಂದು ಪೇಟೆಯ ನರ್ಸರಿಗಳಲ್ಲಿ ಅಂಗೈಯಗಲದ ಕುಂಡಗಳಲ್ಲಿಟ್ಟು ಮಾರುವ ಕಳ್ಳಿಗಳಿಗೆ ಬಹಳ ಬೇಡಿಕೆಯಿದೆ. ‘ಇದಕ್ಕೆ ನೀರೂ ಬೇಡ, ಆರೈಕೆಯೂ ಬೇಡ’ ಎಂಬ ಮಾತನ್ನು ನಂಬಿ ಜನರು ಅದನ್ನು ಕೊಂಡು ತಂದು ಮೇಜಿನ ಮೇಲೋ ಟಿ.ವಿ.ಯ ಪಕ್ಕದಲ್ಲೋ ಇಡುತ್ತಾರೆ, ಕೆಲವು ದಿನ ನೋಡುತ್ತಾರೆ, ಆಮೇಲೆ ಮರೆಯುತ್ತಾರೆ. ವರ್ಷವೊಂದೆರಡು ಕಳೆಯುವುದರಲ್ಲಿ ಅದು ಬಣ್ಣಗೆಟ್ಟು, ಒಂದು ಕಡೆಗೆ ವಾಲಿ, ಧೂಳು ಹಿಡಿದು, ಸತ್ತಿದೆಯೋ ಬದುಕಿದೆಯೋ ತಿಳಿಯದಂತಾಗುತ್ತದೆ. ಆಗ ಯಾರಿಗೋ ಕನಿಕರ ಹುಟ್ಟಿ ಒಂದು ತಂಬಿಗೆ ನೀರನ್ನು ಸುರಿಯುತ್ತಾರೆ. ಅಷ್ಟು ಕಾಲ ಮರೆವಿಗೆ ಸಾಯದಿದ್ದ ಗಿಡ ಆ ಕನಿಕರಕ್ಕೆ ಸಾಯುವುದುಂಟು!

ಇದೇಕೆ ಹೀಗಾಗುತ್ತದೆ? ಇಂಥ ಗಿಡವನ್ನು ಮತ್ತೆ ಬದುಕಿಸುವ ಬಗೆ ಹೇಗೆ? ಕಳ್ಳಿಯ ನೀರಿನ ಲೆಕ್ಕವನ್ನು ಅರಿತರೆ ಈ ಪ್ರಶ್ನೆಗಳಿಗೆ ಉತ್ತರ ತಾನಾಗಿ ಹೊಳೆಯುತ್ತದೆ. ಆ ಲೆಕ್ಕವನ್ನು ಬಿಡಿಸಲು ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಸಾಕು.

ಯಾವುದು ಕಳ್ಳಿ?

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಹಳ್ಳಿಗಳ ಬೇಲಿಗಳಲ್ಲಿ ಕಾಣುವ ಬೊಂತೆಗಳ್ಳಿ, ಎಲೆಗಳ್ಳಿ, ಮುಂಡುಗಳ್ಳಿಗಳು ಹೆಸರಿನಲ್ಲಿ ಕಳ್ಳಿಗಳಾದರೂ ಸಸ್ಯಶಾಸ್ತ್ರಜ್ಞರು ಹೇಳುವ ಕ್ಯಾಕ್ಟಸ್ ಕುಟುಂಬಕ್ಕೆ ಸೇರಿದವಲ್ಲ. ಅವು ಯೂಫೋರ್ಬಿಯಾ ಜಾತಿಯವು, ಹರಳುಗಿಡದ ನಂಟರು. ಗೀರಿದರೆ ಅವುಗಳಿಂದ ಬಿಳಿಯ ಹಾಲು ಒಸರುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ಬಹಳ ಅಪಾಯ. ಆದುದರಿಂದ ಅವನ್ನು ಮುಟ್ಟುವಾಗ ಎಚ್ಚರವಿರತಕ್ಕದ್ದು. ನಿಜವಾದ ಕ್ಯಾಕ್ಟಸ್ ಗಿಡದಲ್ಲಿ ಮುಳ್ಳುಗಳು ಮೆತ್ತೆಯಂಥ ಸಣ್ಣ ಚುಕ್ಕೆಗಳಿಂದ ಗುಂಪುಗುಂಪಾಗಿ ಹೊರಡುತ್ತವೆ. ಈ ಚುಕ್ಕೆಗೆ ಏರಿಯೋಲ್ ಎಂದು ಹೆಸರು. ಇದೇ ಆ ಕುಟುಂಬದ ಗುರುತು.

ಕ್ಯಾಕ್ಟಸ್ ಕುಟುಂಬದಲ್ಲಿ ಸುಮಾರು ೧,೮೦೦ ಪ್ರಭೇದಗಳಿವೆ. ಆಫ್ರಿಕ ಮತ್ತು ಶ್ರೀಲಂಕಗಳಲ್ಲಿಯೂ ಸಹಜವಾಗಿ ಬೆಳೆಯುವ ಒಂದೇ ಒಂದು ಪ್ರಭೇದವನ್ನು ಬಿಟ್ಟರೆ ಉಳಿದೆಲ್ಲವುಗಳ ತವರು ಅಮೆರಿಕ ಖಂಡಗಳು. ಪಾದರಕ್ಷೆಯ ಅಟ್ಟೆಯಂತೆ ಚಪ್ಪಟೆಯಾಗಿರುವುದರಿಂದ ನಾವು ಪಾಪಾಸುಕಳ್ಳಿಯೆಂದು ಕರೆಯುವ ಗಿಡವೂ ಹೊರಗಿನಿಂದ ಬಂದದ್ದೇ. ಮಳೆಗಾಲದ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ, ನಮ್ಮ ಮನೆಗಳಲ್ಲಿ ‘ಬ್ರಹ್ಮಕಮಲ’ವೆನಿಸಿಕೊಂಡಿರುವ ಗಿಡವೂ ಒಂದು ಕ್ಯಾಕ್ಟಸ್ ಎಂದರೆ ವಾಚಕರಿಗೆ ಅಚ್ಚರಿಯಾಗಬಹುದು. ಹಿಮಾಲಯದ ನಿಜವಾದ ಬ್ರಹ್ಮಕಮಲವೇ ಬೇರೆ. ಇದು ಮಧ್ಯ ಅಮೆರಿಕದ ಕಾಡಿನಲ್ಲಿ ಮರಗಳ ಮೇಲೆ ನೆಲೆಸಿ ಬೆಳೆಯುವ ಎಪಿಫಿಲಮ್. ಇದಕ್ಕೆ ನೆರಳೂ ತೇವವೂ ಹಿತ. ಹೀಗಿರುವಲ್ಲಿ ಎಲ್ಲ ಕ್ಯಾಕ್ಟಸ್‌ಗಳಿಗೂ ಒಂದೇ ಆರೈಕೆ ಸಲ್ಲದು. ಚೆಂಡಿನಂತೆಯೋ ಕಂಬದಂತೆಯೋ ಇರುವ ಒಣನಾಡಿನ ಕಳ್ಳಿಗಳ ವಿಷಯವನ್ನೇ ನಾವಿಲ್ಲಿ ಮುಖ್ಯವಾಗಿ ಹೇಳುತ್ತೇವೆ.

ಕೆರೆಯ ಲೆಕ್ಕ

ಗಿಡದ ನೀರು ಆವಿಯಾಗಿ ಹೋಗುವುದು ಅದರ ಮೇಲ್ಮೈಯಿಂದ. ನೀರು ನಿಂತಿರುವುದು ಅದರ ಗಾತ್ರದಲ್ಲಿ. ಆದುದರಿಂದ ಮೇಲ್ಮೈಗೂ ಗಾತ್ರಕ್ಕೂ ಇರುವ ಪ್ರಮಾಣವೇ ಇಲ್ಲಿ ಮುಖ್ಯ. ೧೦ ಸೆಂಟಿಮೀಟರ್ ವ್ಯಾಸದ ಗುಂಡುಗಳ್ಳಿಯನ್ನು ಗೋಳವೆಂದು ಭಾವಿಸೋಣ. ಅದರ ಮೇಲ್ಮೈ ಸುಮಾರು ೩೧೪ ಚದರ ಸೆಂಟಿಮೀಟರ್. ಗಾತ್ರ ಸುಮಾರು ೫೨೪ ಘನ ಸೆಂಟಿಮೀಟರ್. ಎಂದರೆ ಒಂದು ಘನ ಸೆಂಟಿಮೀಟರ್ ಗಾತ್ರಕ್ಕೆ ೦.೬ ಚದರ ಸೆಂಟಿಮೀಟರ್ ಮೇಲ್ಮೈ. ಈಗ ೦.೨ ಮಿಲಿಮೀಟರ್ ದಪ್ಪದ ಒಂದು ಸಾಮಾನ್ಯ ಎಲೆಯನ್ನು ತೆಗೆದುಕೊಳ್ಳಿ. ಅದರ ಎರಡು ಮಗ್ಗುಲುಗಳನ್ನೂ ಸೇರಿಸಿದರೆ ಒಂದು ಘನ ಸೆಂಟಿಮೀಟರ್ ಗಾತ್ರಕ್ಕೆ ೧೦೦ ಚದರ ಸೆಂಟಿಮೀಟರ್ ಮೇಲ್ಮೈಯಾಗುತ್ತದೆ. ಕಳ್ಳಿಯು ಎಲೆಯನ್ನು ತೊರೆದು ಗುಂಡಗಾದುದರಿಂದ ಆದ ಲಾಭ ನೂರಕ್ಕೂ ಹೆಚ್ಚು ಪಟ್ಟು! ಅಗಲವಾಗಿ ತೆಳುವಾಗಿ ಹರಡಿದ ಕೆರೆ ಬೇಸಗೆಯಲ್ಲಿ ಬೇಗ ಬತ್ತುತ್ತದೆ. ಅಷ್ಟೇ ನೀರಿನ ಆಳವಾದ ಬಾವಿ ಉಳಿಯುತ್ತದೆ. ಕಳ್ಳಿ ಬಾವಿಯ ದಾರಿಯನ್ನು ಹಿಡಿದಿದೆ.

ಆದರೆ ಗುಂಡಗಿನ ಬಿಗಿಯಾದ ಪಾತ್ರೆಗೆ ಹಿಗ್ಗಲು ಕುಗ್ಗಲು ಎಡೆಯಿರುವುದಿಲ್ಲ. ಇದಕ್ಕಾಗಿಯೇ ಹಲವು ಕಳ್ಳಿಗಳ ಮೈಯಲ್ಲಿ ಏಣುಗಳಿರುತ್ತವೆ. ನೀರು ದೊರೆತಾಗ ಏಣುಗಳು ಹಾರ್ಮೋನಿಯಮ್ಮಿನ ತಿದಿಯಂತೆ ಬಿಚ್ಚಿಕೊಳ್ಳುತ್ತವೆ, ನೀರು ತೀರುತ್ತ ಬಂದಂತೆ ಮಡಿಸಿಕೊಳ್ಳುತ್ತವೆ, ಚರ್ಮ ಹರಿಯುವುದಿಲ್ಲ. ಆದುದರಿಂದ ಏಣುಗಳು ಒತ್ತೊತ್ತಾಗಿ ಮಡಿಸಿಕೊಂಡ ಗಿಡ ಸತ್ತ ಗಿಡವಲ್ಲ. ಅದು ನೀರು ಇಳಿದ ಕೆರೆ, ಅಷ್ಟೆ. ಇದು ಮರೆಯಬಾರದ ಮೊದಲ ಮಾತು.

ರಾತ್ರಿ ತೆರೆಯುವ ತೂಬು

ಗಿಡವು ಆಹಾರ ತಯಾರಿಸಲು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಪಡೆಯಬೇಕು. ಅದಕ್ಕಾಗಿ ಮೈಮೇಲಿನ ಸೂಕ್ಷ್ಮರಂಧ್ರಗಳನ್ನು ತೆರೆಯಬೇಕು. ತೆರೆದೊಡನೆ ಒಳಗಿನ ನೀರಾವಿ ಹೊರಕ್ಕೆ ನುಗ್ಗುತ್ತದೆ. ಹಗಲಿನ ಬಿಸಿಲಿನಲ್ಲಿ ಈ ನಷ್ಟ ವಿಪರೀತ. ಕಳ್ಳಿಯು ಇದಕ್ಕೆ ಕಂಡುಕೊಂಡಿರುವ ಉಪಾಯವೆಂದರೆ ರಂಧ್ರಗಳನ್ನು ತಂಪಾದ ರಾತ್ರಿಯಲ್ಲಿ ತೆರೆಯುವುದು. ಆಗ ಹೀರಿಕೊಂಡ ಇಂಗಾಲದ ಡೈಆಕ್ಸೈಡ್ ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೋಶಗಳೊಳಗೆ ಶೇಖರವಾಗುತ್ತದೆ. ಬೆಳಗಾದ ಮೇಲೆ ಬಾಗಿಲನ್ನು ಮುಚ್ಚಿಕೊಂಡು, ಆ ಆಮ್ಲದಿಂದ ಇಂಗಾಲದ ಡೈಆಕ್ಸೈಡನ್ನು ಬಿಡಿಸಿ, ಬಿಸಿಲಿನ ಸಹಾಯದಿಂದ ಗಿಡವು ಸಕ್ಕರೆಯನ್ನು ಮಾಡಿಕೊಳ್ಳುತ್ತದೆ.

ಈ ಗುಟ್ಟಿನ ಒಂದು ತುದಿಯನ್ನು ಮೊದಲು ಹಿಡಿದವರಲ್ಲಿ ನಮ್ಮ ನಾಡಿನೊಡನೆ ಸಂಬಂಧವಿದ್ದವನೊಬ್ಬನಿದ್ದಾನೆ. ಟಿಪ್ಪುವಿನ ಪತನಾನಂತರ ಕೆಲವು ಕಾಲ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡ ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞನೇ ಅವನು. ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿಯೂ ನಡುಹಗಲಿನ ವೇಳೆಗೆ ಸಪ್ಪೆಯಾಗಿಯೂ ಸಂಜೆಗೆ ತುಸು ಕಹಿಯಾಗಿಯೂ ಇರುವುದನ್ನು ಅವನು ನಾಲಗೆಯಿಂದಲೇ ಪರೀಕ್ಷಿಸಿ ತಿಳಿದನು. ಈ ಸಂಗತಿಯನ್ನು ತಿಳಿಸುವ ಅವನ ಪತ್ರವು ೧೮೧೫ರಲ್ಲಿ ಲಂಡನ್ನಿನ ಲಿನ್ನಿಯನ್ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದಕ್ಕೂ ಮೊದಲೇ, ೧೮೦೪ರಲ್ಲಿ, ಸ್ವಿಟ್ಜರ್ಲೆಂಡಿನ ಡಿ ಸೊಸ್ಸೂರನು ಪಾಪಾಸುಕಳ್ಳಿಯ ಜಾತಿಯ ಗಿಡವು ರಾತ್ರಿಯ ಹೊತ್ತು ಇಂಗಾಲದ ಡೈಆಕ್ಸೈಡನ್ನು ಹೀರುವುದನ್ನು ಗಮನಿಸಿದ್ದನು. ವಿದ್ಯಾರ್ಥಿಗಳು ಇದನ್ನು ಶಾಲೆಯಲ್ಲಿಯೇ ಮಾಡಿ ನೋಡಬಹುದು. ಹೇನನಂತೆ ನಾಲಗೆಗೆ ಹಚ್ಚುವುದು ಬೇಡ, ಕಾಡುಬಸಳೆಯಲ್ಲಿ ವಿಷಾಂಶಗಳಿವೆ. ಮುಂಜಾನೆ ಒಂದು ಎಲೆ, ಇಳಿಹಗಲಿನಲ್ಲಿ ಒಂದು ಎಲೆ ಕಿತ್ತು, ಜಜ್ಜಿ, ರಸವನ್ನು ಪಿ.ಎಚ್. ಕಾಗದಕ್ಕೆ ತಾಕಿಸಿ ಬಣ್ಣವನ್ನು ಹೋಲಿಸಿದರೆ ಸಾಕು.

ಸಾಮಾನ್ಯ ಗಿಡವೊಂದು ಒಂದು ಗ್ರಾಂ ಇಂಗಾಲದ ಡೈಆಕ್ಸೈಡನ್ನು ಗಳಿಸಲು ಸುಮಾರು ೪೦೦ರಿಂದ ೫೦೦ ಗ್ರಾಂ ನೀರನ್ನು ವೆಚ್ಚಮಾಡಿದರೆ ಕಳ್ಳಿಯಂಥ ಗಿಡಕ್ಕೆ ೫೦ರಿಂದ ೧೦೦ ಗ್ರಾಂ ಸಾಕು. ಆದರೆ ಈ ಮಿತವ್ಯಯಕ್ಕೆ ಬೆಲೆಯೂ ಉಂಟು. ಆಮ್ಲದ ಉಗ್ರಾಣ ಎಷ್ಟು ದೊಡ್ಡದೋ ದಿನದ ಗಳಿಕೆ ಅಷ್ಟೇ. ಆದುದರಿಂದ ಕಳ್ಳಿ ಬೆಳೆಯುವುದು ನಿಧಾನ, ಗಾಯ ಮಾಯುವುದು ನಿಧಾನ, ಚೇತರಿಸಿಕೊಳ್ಳುವುದೂ ನಿಧಾನ. ಅವಸರದ ಆರೈಕೆ ಅದಕ್ಕೆ ಒಗ್ಗದು.

ರೋಗಪರೀಕ್ಷೆ

ನಲುಗಿದ ಗಿಡವನ್ನು ಕಂಡೊಡನೆ ನೀರೆರೆಯುವುದು, ರೋಗಿಯನ್ನು ನೋಡದೆಯೇ ಮದ್ದು ಕುಡಿಸಿದಂತೆ. ಮೊದಲು ಪರೀಕ್ಷಿಸಬೇಕು. ದಪ್ಪನೆಯ ಬಟ್ಟೆಯನ್ನು ಸುತ್ತಿಕೊಂಡೋ ಕಡ್ಡಿಯ ತುದಿಯಿಂದಲೋ ಗಿಡವನ್ನು ಮೆಲ್ಲಗೆ ಒತ್ತಿ ನೋಡಿ. ಮೈ ಸುಕ್ಕುಗಟ್ಟಿದ್ದು ಗಟ್ಟಿಯಾಗಿಯೇ ಇದ್ದರೆ ಅದು ಬಾಯಾರಿಕೆ. ಬುಡವು ಮೆತ್ತಗಾಗಿ, ಕಂದಿ, ತೇವವಾಗಿದ್ದು ವಾಸನೆ ಹೊಡೆದರೆ ಅದು ಕೊಳೆರೋಗ. ಕೆಳಗೆ ದಪ್ಪಗಿದ್ದ ಗಿಡ ಮೇಲೆ ಬರುತ್ತ ಸಪೂರವಾಗಿ, ಬಿಳಿಚಿ, ಕಿಟಕಿಯ ಕಡೆಗೆ ವಾಲಿದ್ದರೆ ಅದು ಬೆಳಕಿನ ಹಸಿವು. ಏಣುಗಳ ಸಂದಿಯಲ್ಲಿ ಹತ್ತಿಯಂಥ ಬಿಳಿಯ ತುಣುಕುಗಳಿದ್ದರೆ ಅದು ಕೀಟ. ಬುಡದ ಚರ್ಮ ಒಣಗಿ, ಕಂದುಬಣ್ಣದ ಬೆಂಡಿನಂತಾಗಿ, ಒತ್ತಿದರೆ ಗಟ್ಟಿಯಾಗಿದ್ದರೆ ಅದು ರೋಗವಲ್ಲ, ಮುಪ್ಪಿನ ಗುರುತು. ಅದಕ್ಕೆ ಮದ್ದು ಬೇಡ.

ಬಾಯಾರಿಕೆಗೂ ಕೊಳೆಗೂ ಇರುವ ಭೇದವನ್ನು ಅರಿಯುವುದೇ ಇಲ್ಲಿ ಮುಖ್ಯ. ಏಕೆಂದರೆ ಬೇರು ಕೊಳೆತ ಗಿಡವೂ ನೀರು ಹೀರಲಾರದೆ ಸುಕ್ಕುಗಟ್ಟುತ್ತದೆ. ಮಣ್ಣು ಒದ್ದೆಯಾಗಿದ್ದು ಗಿಡ ಸುಕ್ಕಾಗಿದ್ದರೆ ಬೇರು ಕೆಟ್ಟಿದೆಯೆಂದೇ ತಿಳಿಯಬೇಕು. ಅಲ್ಲಿ ಇನ್ನಷ್ಟು ನೀರು ಸುರಿದರೆ ಉಳಿದ ಬೇರೂ ಹೋಗುತ್ತದೆ.

ಕುಂಡಕ್ಕೊಂದು ಕೋಡಿ

ಬೇರು ಕೊಳೆಯುವುದು ನೀರಿನಿಂದ ಎನ್ನುವುದಕ್ಕಿಂತ ಗಾಳಿಯ ಅಭಾವದಿಂದ ಎನ್ನುವುದು ಸರಿ. ಮಣ್ಣಿನ ಕಣಗಳ ನಡುವಣ ಎಡೆಗಳಲ್ಲೆಲ್ಲ ನೀರು ತುಂಬಿ ನಿಂತರೆ ಬೇರಿಗೆ ಉಸಿರಾಡಲು ಆಮ್ಲಜನಕ ದೊರೆಯದು. ದುರ್ಬಲವಾದ ಬೇರನ್ನು ಬೂಷ್ಟುಗಳು ಆಕ್ರಮಿಸುತ್ತವೆ. ಕುಂಡದ ತಳದಲ್ಲಿ ತೂತಿದ್ದರೆ ನೀರೆಲ್ಲ ಹರಿದುಹೋಗುವುದೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ.

ಸಣ್ಣ ಕೊಳವೆಯನ್ನು ನೀರಿನಲ್ಲಿ ನಿಲ್ಲಿಸಿದರೆ ಮೇಲ್ಮೈ ಎಳೆತದಿಂದ ನೀರು ಅದರೊಳಗೆ ಏರಿ ನಿಲ್ಲುತ್ತದೆ. ಕೊಳವೆಯ ತ್ರಿಜ್ಯ ೧ ಮಿಲಿಮೀಟರ್ ಇದ್ದರೆ ಏರಿಕೆ ಸುಮಾರು ೧.೫ ಸೆಂಟಿಮೀಟರ್; ತ್ರಿಜ್ಯ ೦.೧ ಮಿಲಿಮೀಟರ್ ಆದರೆ ಏರಿಕೆ ಸುಮಾರು ೧೫ ಸೆಂಟಿಮೀಟರ್. ಮಣ್ಣಿನ ಎಡೆಗಳೂ ಇಂಥ ಕೊಳವೆಗಳೇ. ನುಣ್ಣನೆಯ ಜೇಡಿಮಣ್ಣಿನಲ್ಲಿ ಅವು ಬಹು ಕಿರಿದು. ಆದುದರಿಂದ ೧೦ ಸೆಂಟಿಮೀಟರ್ ಎತ್ತರದ ಕುಂಡದಲ್ಲಿ ಅಂಥ ಮಣ್ಣನ್ನು ತುಂಬಿದರೆ ತಳದ ತೂತು ತೆರೆದೇ ಇದ್ದರೂ ಕುಂಡವಿಡೀ ಹಸಿಯಾಗಿಯೇ ಉಳಿಯಬಹುದು. ತಳದಲ್ಲಿ ಜಲ್ಲಿಯನ್ನು ಹಾಸಿದರೂ ಪ್ರಯೋಜನವಿಲ್ಲ. ನುಣ್ಣನೆಯ ಮಣ್ಣು ಹಿಡಿದ ನೀರನ್ನು ಜಲ್ಲಿಯ ದೊಡ್ಡ ಎಡೆಗಳು ಎಳೆದುಕೊಳ್ಳಲಾರವು. ನಿಂತ ನೀರಿನ ಮಟ್ಟವು ಜಲ್ಲಿಯ ಮೇಲಕ್ಕೆ, ಬೇರಿಗೆ ಇನ್ನಷ್ಟು ಹತ್ತಿರಕ್ಕೆ, ಬರುತ್ತದೆ, ಅಷ್ಟೆ.

ಇದನ್ನು ಕಣ್ಣಾರೆ ಕಾಣಬೇಕಾದರೆ ಪಾತ್ರೆ ತೊಳೆಯುವ ಸ್ಪಂಜೊಂದನ್ನು ನೀರಿನಲ್ಲಿ ನೆನೆಸಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದವಾಗಿ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ! ನೀರಿನ ಕಂಬ ಎತ್ತರವಾದಷ್ಟೂ ಗುರುತ್ವದ ಎಳೆತ ಮೇಲ್ಮೈ ಎಳೆತವನ್ನು ಮೀರುತ್ತದೆ. ತಟ್ಟೆಯಂಥ ಕುಂಡಕ್ಕಿಂತ ಎತ್ತರದ ಕುಂಡ ಚೆನ್ನಾಗಿ ಬಸಿಯುವುದು ಇದೇ ಕಾರಣದಿಂದ.

ಯಡಿಯೂರಿನ ಸಮೀಪದಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯವನ್ನು ನೋಡಿದವರಿಗೆ ಅಲ್ಲಿಯ ಸೈಫನ್‌ಗಳ ನೆನಪಿರಬಹುದು. ನೀರು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ಯಾರೂ ಬಾಗಿಲನ್ನು ಎತ್ತದೆ ಹೆಚ್ಚುವರಿ ನೀರು ತಾನಾಗಿ ಹೊರಬೀಳುತ್ತದೆ. ಅಂಥದೇ ಒಂದು ಉಪಾಯವನ್ನು ಕುಂಡಕ್ಕೂ ಮಾಡಬಹುದು. ಕೊಳೆಯದ ನೈಲಾನ್ ನೂಲಿನ ಬತ್ತಿಯೊಂದನ್ನು ತಳದ ತೂತಿನ ಮೂಲಕ ಒಳಕ್ಕೆ ತೂರಿಸಿ, ಒಳಗಿನ ತುದಿ ಮಣ್ಣಿನಲ್ಲಿಯೂ ಹೊರಗಿನ ತುದಿ ಕುಂಡದ ಕೆಳಗೆ ಕೆಲವು ಸೆಂಟಿಮೀಟರ್ ಜೋತುಬಿದ್ದಂತೆಯೂ ಇರಿಸಬೇಕು. ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತರಿಸಿಟ್ಟರೆ ಬತ್ತಿಯು ನೀರಿನ ಕಂಬವನ್ನು ಕೆಳಕ್ಕೆ ಉದ್ದಮಾಡಿ, ತಳದಲ್ಲಿ ನಿಂತ ನೀರನ್ನು ಹೊರಕ್ಕೆಳೆಯುತ್ತದೆ. ಮಾರ್ಕೋನಹಳ್ಳಿಯ ಸೈಫನ್ ಕೆಲಸ ಮಾಡುವ ರೀತಿ ಬೇರೆ, ಈ ಬತ್ತಿಯ ರೀತಿ ಬೇರೆ. ಆದರೆ ಎರಡರ ಉದ್ದೇಶವೂ ಒಂದೇ.

ಇದಕ್ಕಿಂತ ಮುಖ್ಯವಾದುದು ಮಣ್ಣು. ತೋಟದ ಕೆಂಪುಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ದಪ್ಪ ಮರಳು ಹಾಗೂ ಕಡಲೆಗಾತ್ರದ ಇಟ್ಟಿಗೆಯ ಚೂರು ಸೇರಿ ಎರಡರಿಂದ ಮೂರು ಪಾಲು ಬೆರೆಸಿದರೆ ಸಾಕು. ಮರಳನ್ನೂ ಇಟ್ಟಿಗೆಯ ಚೂರನ್ನೂ ಜರಡಿ ಹಿಡಿದು ನುಣುಪಾದ ಪುಡಿಯನ್ನು ತೆಗೆದುಹಾಕತಕ್ಕದ್ದು. ಏಕೆಂದರೆ ಆ ಪುಡಿಯೇ ಎಡೆಗಳನ್ನು ಮುಚ್ಚುವುದು. ಪ್ಲಾಸ್ಟಿಕ್ಕಿಗಿಂತ ಮೆರುಗಿಲ್ಲದ ಮಣ್ಣಿನ ಕುಂಡ ಲೇಸು. ನೀರಿನ ಮಡಕೆಯ ಮೈ ಬೆವರುವಂತೆ ಅದರ ಮೈಯಿಂದಲೂ ತೇವ ಆರುತ್ತದೆ.

ಶಸ್ತ್ರಚಿಕಿತ್ಸೆ

ಈಗ ಗಿಡವನ್ನು ಹಳೆಯ ಕುಂಡದಿಂದ ಬಿಡಿಸೋಣ. ವೃತ್ತಪತ್ರಿಕೆಯ ಹಾಳೆಯನ್ನು ಹಲವು ಮಡಿಕೆ ಮಡಿಸಿ ಪಟ್ಟಿಯಂತೆ ಮಾಡಿ ಗಿಡದ ನಡುವಿಗೆ ಸುತ್ತಿ ಹಿಡಿದರೆ ಮುಳ್ಳು ಚುಚ್ಚುವುದಿಲ್ಲ. ಪಾಪಾಸುಕಳ್ಳಿಯ ಜಾತಿಯವುಗಳಲ್ಲಿ ದೊಡ್ಡ ಮುಳ್ಳುಗಳಿಗಿಂತ ಕಣ್ಣಿಗೆ ಕಾಣದಷ್ಟು ಸಣ್ಣ ಸುಂಕುಗಳೇ ಹೆಚ್ಚು ಪೀಡಕ. ಕೈಗೆ ಹತ್ತಿದರೆ ಅಂಟುಪಟ್ಟಿಯನ್ನು ಒತ್ತಿ ಕೀಳಬೇಕು. ಆ ಕೈಯಿಂದ ಕಣ್ಣುಜ್ಜಬಾರದು.

ಹಳೆಯ ಮಣ್ಣನ್ನು ಉದುರಿಸಿ ಬೇರನ್ನು ನೋಡಿ. ಗಟ್ಟಿಯಾದ ತಿಳಿಬಣ್ಣದ ಬೇರು ಜೀವಂತ. ಕಪ್ಪಾಗಿ, ಎಳೆದರೆ ಸಿಪ್ಪೆ ಸುಲಿದು ಬರುವುದು ಸತ್ತದ್ದು. ಸತ್ತುದನ್ನೆಲ್ಲ ಸ್ಪಿರಿಟ್ಟಿನಿಂದ ಒರೆಸಿದ ಹರಿತವಾದ ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಕೊಳೆತವು ಬುಡದೊಳಕ್ಕೂ ಏರಿದ್ದರೆ ಬುಡವನ್ನೇ ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತ ಹೋಗಬೇಕು. ಕೊಯ್ದ ಮೈಯ ನಡುವೆ ರಸವಾಹಿನಿಗಳ ಒಂದು ಉಂಗುರ ಕಾಣುತ್ತದೆ. ಅದರಲ್ಲಿ ಕಂದು ಅಥವಾ ಕೆಂಬಣ್ಣದ ಒಂದು ಚುಕ್ಕೆಯಿದ್ದರೂ ರೋಗ ಇನ್ನೂ ಮೇಲೆ ಹೋಗಿದೆಯೆಂದರ್ಥ. ಪ್ರತಿ ಕೊಯ್ತಕ್ಕೂ ಚಾಕುವನ್ನು ಮತ್ತೆ ಒರೆಸಿ, ಮೈಯೆಲ್ಲ ಒಂದೇ ನಿರ್ಮಲವಾದ ಬಣ್ಣ ಬರುವವರೆಗೂ ಕೊಯ್ಯಬೇಕು. ಕೈ ಹಿಂದೆಗೆದು ಸ್ವಲ್ಪವನ್ನು ಉಳಿಸಿದರೆ ಎಲ್ಲವೂ ಹೋಗುತ್ತದೆ. ಉಂಗುರದ ಕಲೆ ತುದಿಯವರೆಗೂ ಮುಟ್ಟಿದ್ದರೆ ಆ ಗಿಡ ಉಳಿಯದು. ಪಕ್ಕದಲ್ಲಿ ಮರಿಗಳಿದ್ದರೆ ಅವನ್ನು ಬಿಡಿಸಿಕೊಳ್ಳಬಹುದು.

ಕೊಯ್ದ ಗಿಡವನ್ನು ಒಡನೆಯೇ ನೆಡಬಾರದು. ಗಾಯದ ಮೇಲೆ ಗಂಧಕದ ಪುಡಿಯನ್ನು ಉದುರಿಸಿ, ಗಾಳಿಯಾಡುವ ನೆರಳಿನಲ್ಲಿ ಒಂದೆರಡು ವಾರ ಒಣಗಲು ಬಿಡಬೇಕು. ದಪ್ಪ ಕಾಂಡವಾದರೆ ಇನ್ನೂ ಹೆಚ್ಚು. ಗಾಯದ ಮೇಲೆ ಒಣ ಪೊರೆ ಕಟ್ಟುವುದೇ ಕಳ್ಳಿಯ ಬ್ಯಾಂಡೇಜು. ‘ಇಷ್ಟು ದಿನ ಮಣ್ಣಿಲ್ಲದೆ ಬದುಕೀತೆ?’ ಎಂದು ಅಳುಕಬೇಕಾಗಿಲ್ಲ. ಅದರ ಮೈಯೊಳಗೇ ಕೆರೆಯಿದೆಯಲ್ಲ! ಆಮೇಲೆ ಬೇರಿನ ಗಾತ್ರಕ್ಕಿಂತ ಎರಡು ಮೂರು ಸೆಂಟಿಮೀಟರ್ ಅಗಲವಾದ ಕುಂಡದಲ್ಲಿ ಒಣಮಣ್ಣಿನಲ್ಲಿಯೇ ನೆಟ್ಟು, ಇನ್ನೂ ಒಂದು ವಾರ ನೀರು ಹಾಕದಿರುವುದು. ದೊಡ್ಡ ಕುಂಡ ದೊಡ್ಡ ಉಪಕಾರವೆಂದು ತಿಳಿಯಬಾರದು. ಬೇರು ಮುಟ್ಟದ ಮಣ್ಣು ಬಹುಕಾಲ ಹಸಿಯಾಗಿಯೇ ನಿಲ್ಲುತ್ತದೆ.

ಬೇರು ಕೆಡದೆ ಬರೀ ಬಾಯಾರಿದ ಗಿಡಕ್ಕೆ ಈ ಕೊಯ್ತವೆಲ್ಲ ಬೇಡ. ಹೊಸ ಮಣ್ಣಿಗೆ ಬದಲಾಯಿಸಿ, ವಾರದ ನಂತರ ಮಣ್ಣೆಲ್ಲ ನೆನೆಯುವಂತೆ ಒಮ್ಮೆ ನೀರೆರೆದು, ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಎರೆದರೆ ಸಾಕು. ಬಹುಕಾಲದ ಬರದಲ್ಲಿ ನೀರು ಹೀರುವ ಎಳೆಬೇರುಗಳು ಒಣಗಿಹೋಗಿರುವುದರಿಂದ ಮೈ ತುಂಬಿಕೊಳ್ಳಲು ವಾರಗಳೇ ಹಿಡಿಯಬಹುದು.

ಕಣ್ಣು ಮಾಡುವ ಮೋಸ

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ಒಳ್ಳೆಯ ಸಾಕ್ಷಿಯಲ್ಲ. ಬೆಳಕು ನೂರು ಪಟ್ಟು ಕಡಿಮೆಯಾದರೂ ಕಣ್ಣು ತನ್ನನ್ನು ಹೊಂದಿಸಿಕೊಂಡು ‘ಇಲ್ಲಿ ಚೆನ್ನಾಗಿ ಬೆಳಕಿದೆ’ ಎಂದು ವರದಿಮಾಡುತ್ತದೆ. ನಡುಹಗಲಿನ ನೇರ ಬಿಸಿಲು ಸುಮಾರು ೧,೦೦,೦೦೦ ಲಕ್ಸ್. ಕೋಣೆಯ ಒಳಗೆ, ಕಿಟಕಿಯಿಂದ ದೂರದಲ್ಲಿ, ಕೆಲವು ನೂರು ಲಕ್ಸ್ ಮಾತ್ರ. ಮೊಬೈಲ್ ಫೋನಿನಲ್ಲಿ ಬೆಳಕನ್ನು ಅಳೆಯುವ ಆ್ಯಪನ್ನು ಹಾಕಿಕೊಂಡು ಬಾಗಿಲಿನಿಂದ ಒಳಗೆ ನಡೆದುಬಂದರೆ ಅಂಕೆಗಳು ಹೇಗೆ ಕುಸಿಯುತ್ತವೆಂಬುದನ್ನು ಯಾರಾದರೂ ನೋಡಬಹುದು. ಟಿ.ವಿ.ಯ ಪಕ್ಕದ ಕಳ್ಳಿ ಉಪವಾಸ ಸಾಯುತ್ತಿರುವುದು ನಮಗೆ ತಿಳಿಯದಿರುವುದು ಇದರಿಂದಲೇ.

ಹಾಗೆಂದು ಒಳಗಿದ್ದ ಗಿಡವನ್ನು ಒಮ್ಮೆಲೇ ಏಪ್ರಿಲ್ ಬಿಸಿಲಿಗೆ ತಂದಿಟ್ಟರೆ ಮೈ ಸುಟ್ಟು ಬಿಳಿಯ ಕಲೆ ಬೀಳುತ್ತದೆ. ಆ ಕಲೆ ಎಂದಿಗೂ ಮಾಯದು. ಮೊದಲ ವಾರ ಬೆಳಕಿನ ನೆರಳು, ಎರಡನೆಯ ವಾರ ಬೆಳಗಿನ ಒಂದು ಗಂಟೆಯ ಎಳೆಬಿಸಿಲು, ಆಮೇಲೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಮೂರು ನಾಲ್ಕು ವಾರಗಳಲ್ಲಿ ಒಗ್ಗಿಸಬೇಕು. ಸಪೂರವಾಗಿ ಬೆಳೆದ ಭಾಗ ಮತ್ತೆ ದಪ್ಪವಾಗಲಾರದು. ಅದನ್ನು ಕತ್ತರಿಸಿ, ಒಣಗಿಸಿ, ಬೇರೆ ನೆಡಬಹುದು. ಉಳಿದ ಬುಡದಿಂದ ಹಲವೊಮ್ಮೆ ಹೊಸ ಮರಿಗಳು ಒಡೆಯುತ್ತವೆ.

ಅಂಗಡಿಗಳಲ್ಲಿ ಮಾರುವ ಕೆಂಪು, ಹಳದಿ ಬಣ್ಣದ ಪುಟ್ಟ ಚೆಂಡುಗಳ ಸಂಗತಿಯೇ ಬೇರೆ. ಅವುಗಳಲ್ಲಿ ಪತ್ರಹರಿತ್ತಿಲ್ಲ; ಆದುದರಿಂದ ಸ್ವಂತವಾಗಿ ಬಾಳಲಾರವು. ಹಸುರಾದ ಮತ್ತೊಂದು ಕ್ಯಾಕ್ಟಸ್ಸಿನ ಮೇಲೆ, ಹಲವೊಮ್ಮೆ ಡ್ರ್ಯಾಗನ್ ಹಣ್ಣಿನ ಗಿಡದ ತುಂಡಿನ ಮೇಲೆ, ಕಸಿಮಾಡಿ ಅವನ್ನು ಬದುಕಿಸಿರುತ್ತಾರೆ. ಬಣ್ಣದ ಚೆಂಡು ಸತ್ತರೂ ಕೆಳಗಿನ ಹಸುರು ಕಾಂಡ ಬದುಕಿರುವುದುಂಟು. ಕಸವೆಂದು ಎಸೆಯುವ ಮೊದಲು ಅದನ್ನೊಮ್ಮೆ ನೋಡಿ.

ಹತ್ತಿಯಂಥ ಶತ್ರು

ಕಳ್ಳಿಯ ಮೈಮೇಲಿನ ಬಿಳಿಯ ತುಣುಕುಗಳು ಸಾಮಾನ್ಯವಾಗಿ ಹಿಟ್ಟು ತಿಗಣೆಗಳು. ಅವು ರಸವನ್ನು ಹೀರುತ್ತವೆ. ಇಂಥ ಮೆತ್ತನೆಯ ಸಣ್ಣ ಹುಳು ಏನು ಮಾಡೀತು ಎನ್ನುವವರಿಗೆ ಇತಿಹಾಸದ ಒಂದು ಅಧ್ಯಾಯ ಸಾಕು. ಕೊಚಿನೀಲ್ ಎಂಬ ಬೆಲೆಬಾಳುವ ಕೆಂಬಣ್ಣವನ್ನು ಕಳ್ಳಿಯ ಮೇಲೆ ಬಾಳುವ ಒಂದು ಕೀಟದಿಂದ ತೆಗೆಯುತ್ತಿದ್ದರು. ಆ ವ್ಯಾಪಾರದ ಆಸೆಯಿಂದ ೧೭೯೫ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ಕೀಟವನ್ನು ಬ್ರೆಜಿಲ್ಲಿನಿಂದ ಕಲ್ಕತ್ತೆಗೆ ತಂದರು. ಬಂದದ್ದು ಉತ್ತಮ ಬಣ್ಣ ಕೊಡುವ ಕೀಟವಾಗಿರದೆ ಅದರ ಹತ್ತಿರದ ಸಂಬಂಧಿಯಾಗಿತ್ತು. ಒಳ್ಳೆಯ ಬಣ್ಣ ದೊರೆಯಲಿಲ್ಲ, ಆದರೆ ಆ ಕೀಟ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದುಹಾಕಿತು. ಇದನ್ನು ಕಂಡು ೧೮೩೬–೩೮ರಲ್ಲಿ ದಕ್ಷಿಣ ಭಾರತದಲ್ಲಿ ಕಳ್ಳಿಯನ್ನು ಅಳಿಸುವುದಕ್ಕೆಂದೇ ಅದನ್ನು ಬಿಟ್ಟರು. ಕೀಟದಿಂದ ಕಳೆಯನ್ನು ನಿಗ್ರಹಿಸಿದ ಮೊಟ್ಟಮೊದಲ ಯಶಸ್ವೀ ಪ್ರಯೋಗವೆಂದು ವಿಜ್ಞಾನಿಗಳು ಇದನ್ನು ಎಣಿಸುತ್ತಾರೆ. ಇನ್ನೊಂದು ಜಾತಿಯ ಪಾಪಾಸುಕಳ್ಳಿ ಇದಕ್ಕೆ ಜಗ್ಗದೆ ಹೊಲಗದ್ದೆಗಳನ್ನು ಆಕ್ರಮಿಸಿತ್ತು. ೧೯೨೬ರಲ್ಲಿ ಶ್ರೀಲಂಕದಿಂದ ಬೇರೊಂದು ಕೊಚಿನೀಲ್ ಕೀಟವನ್ನು ತರಿಸಿದ ಮೇಲೆ ಅದೂ ಹತೋಟಿಗೆ ಬಂದಿತು.

ಈ ಕಥೆ ಎರಡು ಪಾಠಗಳನ್ನು ಕಲಿಸುತ್ತದೆ. ಒಂದನೆಯದು, ಬಿಳಿಯ ತುಣುಕನ್ನು ಕಂಡ ದಿನವೇ ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೂ ಒರೆಸಬೇಕು. ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಬೇಕು. ಅಲ್ಲಿಯವರೆಗೆ ಆ ಕುಂಡವನ್ನು ಬೇರೆ ಗಿಡಗಳಿಂದ ದೂರವಿಡಬೇಕು. ಎರಡನೆಯದು, ಕತ್ತರಿಸಿ ತೆಗೆದ ಪಾಪಾಸುಕಳ್ಳಿಯ ತುಂಡುಗಳನ್ನು ಗೋಮಾಳಕ್ಕೋ ಕೆರೆಯಂಗಳಕ್ಕೋ ಎಸೆಯಬಾರದು. ಒಂದು ತುಂಡು ನೆಲಕ್ಕೆ ತಾಕಿದರೆ ಸಾಕು, ಬೇರುಬಿಡುತ್ತದೆ.

ತಕ್ಕಡಿಯ ಮಾತು

‘ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು?’ ಎಂದು ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಗೆ ಕ್ಯಾಲೆಂಡರಿನಲ್ಲಿ ಉತ್ತರವಿಲ್ಲ, ತಕ್ಕಡಿಯಲ್ಲಿದೆ. ಅಡಿಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ, ನೀರೆರೆದು ಚೆನ್ನಾಗಿ ಬಸಿದ ಕುಂಡವನ್ನಿಟ್ಟು ತೂಕವನ್ನು ಬರೆದುಕೊಳ್ಳಿ. ದಿನವೂ ಅದೇ ಹೊತ್ತಿಗೆ ತೂಗಿ, ಚೌಕುಳಿ ಕಾಗದದ ಮೇಲೆ ಗುರುತುಹಾಕಿ. ಮೊದಮೊದಲು ತೂಕ ವೇಗವಾಗಿ ಇಳಿಯುತ್ತದೆ. ಕ್ರಮೇಣ ಇಳಿತ ನಿಧಾನವಾಗಿ ರೇಖೆ ಬಹುಮಟ್ಟಿಗೆ ಸಮತಟ್ಟಾಗುತ್ತದೆ. ಮಣ್ಣು ಆರಿತೆಂದು ಅರ್ಥ. ಅದರ ಮೇಲೆ ಇನ್ನೂ ಕೆಲವು ದಿನ ತಡೆದು ನೀರೆರೆಯಿರಿ. ಬೇಸಗೆಯಲ್ಲಿ ಈ ಅವಧಿ ಒಂದೆರಡು ವಾರವಾದೀತು. ಮೋಡ ಮುಸುಕಿದ ದಿನಗಳಲ್ಲಿ ತಿಂಗಳೂ ಆದೀತು. ಒಂದೇ ಮನೆಯ ಎರಡು ಕಿಟಕಿಗಳ ರೇಖೆಗಳೂ ಒಂದೇ ಆಗಿರುವುದಿಲ್ಲ. ಇದೇ ಕಾರಣದಿಂದ ಬೇರೆಯವರ ಮನೆಯ ಲೆಕ್ಕ ನಮ್ಮ ಮನೆಗೆ ಹೊಂದದು.

ನಮ್ಮ ಸೀಮೆಯ ಹವೆಗೆ ತಕ್ಕಂತೆ ಕೆಲವು ಮಾತುಗಳನ್ನು ಹೇಳಬಹುದು. ಭರಣಿ ಮಳೆಯ ಹೊತ್ತಿಗೆ ಗಿಡಗಳು ಚಿಗುರುತ್ತವೆ. ಆಗ ಬಹಳ ತೆಳುವಾಗಿ ಕದಡಿದ, ಸಾರಜನಕ ಕಡಿಮೆಯಿರುವ ಗೊಬ್ಬರವನ್ನು ತಿಂಗಳಿಗೊಮ್ಮೆ ಕೊಡಬಹುದು. ಹಸ್ತ, ಚಿತ್ತೆಗಳ ಜಡಿಮಳೆಯಲ್ಲಿ ಕುಂಡಗಳು ಸೂರಿನಡಿಯಲ್ಲಿರಲಿ. ಕಳ್ಳಿಗೆ ನಮ್ಮ ನಾಡಿನಲ್ಲಿ ಗಂಡಾಂತರದ ಕಾಲ ಬೇಸಗೆಯಲ್ಲ, ಇದೇ. ಡಿಸೆಂಬರ್, ಜನವರಿಯ ಚಳಿಯಲ್ಲಿ ಗಿಡ ವಿಶ್ರಾಂತಿ ಪಡೆಯುತ್ತದೆ. ಆಗ ನೀರು ಬಹಳ ಕಡಿಮೆ, ಗೊಬ್ಬರ ಇಲ್ಲವೇ ಇಲ್ಲ. ಈ ವಿಶ್ರಾಂತಿ ದೊರೆತ ಗಿಡಗಳೇ ಮುಂದೆ ಚೆನ್ನಾಗಿ ಹೂಬಿಡುತ್ತವೆ.

ಕೆಲವೇ ನೂರು ರೂಪಾಯಿಗೆ ಹೊಸ ಗಿಡ ದೊರೆಯುವಾಗ ಹಳೆಯದಕ್ಕೆ ಇಷ್ಟು ಶ್ರಮವೇಕೆ ಎಂದು ಕೇಳುವವರಿರಬಹುದು. ೨೦೧೫ರಲ್ಲಿ ಪ್ರಕಟವಾದ ಒಂದು ಜಾಗತಿಕ ಸಮೀಕ್ಷೆಯಲ್ಲಿ ೧,೪೭೮ ಕ್ಯಾಕ್ಟಸ್ ಪ್ರಭೇದಗಳನ್ನು ಪರಿಶೀಲಿಸಿದಾಗ ಶೇಕಡ ೩೧ರಷ್ಟು ಅಳಿವಿನ ಅಪಾಯದಲ್ಲಿರುವುದು ಕಂಡುಬಂದಿತು. ಸಂಗ್ರಹಕಾರರ ಆಸೆಗಾಗಿ ಕಾಡಿನಿಂದ ಗಿಡಗಳನ್ನು ಕೀಳುವುದೂ ಇದರ ಕಾರಣಗಳಲ್ಲೊಂದು. ಮನೆಯಲ್ಲಿರುವುದನ್ನು ಉಳಿಸಿಕೊಳ್ಳುವುದು, ಅದರ ಮರಿಗಳನ್ನು ಗೆಳೆಯರಿಗೆ ಹಂಚುವುದು, ಈ ಆಸೆಗೆ ನಾವು ಹಾಕಬಹುದಾದ ಚಿಕ್ಕದೊಂದು ಕಡಿವಾಣ.

ವಿದ್ಯಾರ್ಥಿಗಳಿಗೆ ಇದರಲ್ಲಿ ಮತ್ತೊಂದು ಲಾಭವುಂಟು. ನೀರೆರೆಯುವ ಮೊದಲು ಪರೀಕ್ಷಿಸುವುದು, ಕಣ್ಣನ್ನು ನಂಬುವ ಮೊದಲು ಅಳೆಯುವುದು, ಮದ್ದು ಹಾಕಿದ ಮೇಲೆ ಕಾಯುವುದು: ಪ್ರಯೋಗಶಾಲೆ ಕಲಿಸುವ ಪಾಠಗಳು ಇವೇ ಅಲ್ಲವೆ? ನಿಮ್ಮ ಮನೆಯ ಮೂಲೆಯಲ್ಲಿಯೂ ಮರೆತ ಕುಂಡವೊಂದಿರಬಹುದು. ಇಂದು ಅದಕ್ಕೆ ನೀರು ಹಾಕಬೇಡಿ. ಬೆಳಕಿಗೆ ಹಿಡಿದು, ಒತ್ತಿ ನೋಡಿ, ತೂಗಿ, ಅಂಕಿಯನ್ನು ಬರೆದಿಡಿ. ಚಿಕಿತ್ಸೆ ಅಲ್ಲಿಂದಲೇ ಮೊದಲಾಗುತ್ತದೆ.